ಎರಡು ಆಟ, ಒಂದೇ ಬೇಸಿಗೆ

2024ರ ಮಾರ್ಚ್ 4ರ ಸಂಜೆ. ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಮಹಿಳಾ ಪ್ರೀಮಿಯರ್ ಲೀಗ್ ಪಂದ್ಯ. ಯುಪಿ ವಾರಿಯರ್ಸ್ ವಿರುದ್ಧ ಆರ್‌ಸಿಬಿಯ ಆಸ್ಟ್ರೇಲಿಯನ್ ಆಟಗಾರ್ತಿ ಎಲಿಸ್ ಪೆರಿ ಎತ್ತಿ ಹೊಡೆದ ಚೆಂಡು ಗಡಿಗೆರೆಯಾಚೆ ಪ್ರದರ್ಶನಕ್ಕೆ ನಿಲ್ಲಿಸಿದ್ದ ಕಾರಿನ ಕಿಟಕಿಗೆ ಬಡಿದು ಗಾಜು ಪುಡಿಯಾಯಿತು. ಇಡೀ ಕ್ರೀಡಾಂಗಣ ಎದ್ದು ಕೂಗಿತು. ನನ್ನ ಪಕ್ಕದಲ್ಲಿದ್ದ ಅಕ್ಕನ ಮಗಳೂ ಎದ್ದು ಕೂಗಿದಳು. ಅವಳಿಗೆ ಹನ್ನೊಂದು ವರ್ಷ. ಕುಳಿತ ಮೇಲೆ ಅವಳು ಕೇಳಿದ್ದು ಒಡೆದ ಗಾಜಿನ ಬಗ್ಗೆ ಅಲ್ಲ.

"ಚಿಕ್ಕಮ್ಮ, ಇವರು ಫುಟ್‌ಬಾಲ್ ವಿಶ್ವಕಪ್‌ನಲ್ಲೂ ಗೋಲು ಹೊಡೆದಿದ್ದಾರಂತೆ. ಮತ್ತೆ ಅದನ್ನು ಏಕೆ ಬಿಟ್ಟರು?"

ಪ್ರಶ್ನೆಯ ಹಿಂದೆ ಅವಳದೇ ಸಂಕಟವಿತ್ತು. ವಾರಕ್ಕೆ ಮೂರು ದಿನ ಫುಟ್‌ಬಾಲ್, ಮೂರು ದಿನ ಕ್ರಿಕೆಟ್ ಆಡುವ ಅವಳಿಗೆ ತರಬೇತುದಾರರೊಬ್ಬರು ಹಿಂದಿನ ವಾರವಷ್ಟೇ ಹೇಳಿದ್ದರು: "ಹನ್ನೆರಡು ತುಂಬುವುದರೊಳಗೆ ಒಂದನ್ನು ಆರಿಸಿಕೋ. ಎರಡು ದೋಣಿಯಲ್ಲಿ ಕಾಲಿಟ್ಟವರು ದಡ ಸೇರುವುದಿಲ್ಲ." ಗಾದೆ ಚೆನ್ನಾಗಿದೆ. ಆದರೆ ಪೆರಿ ಎರಡು ದೋಣಿಯಲ್ಲೂ ಒಂಬತ್ತು ವರ್ಷ ಕಾಲಿಟ್ಟು ನಿಂತಿದ್ದರು. ಅದು ಹೇಗೆ ಸಾಧ್ಯವಾಯಿತು, ಆಮೇಲೆ ಏಕೆ ಸಾಧ್ಯವಾಗಲಿಲ್ಲ ಎಂಬುದನ್ನು ಅವಳಿಗೆ ಹೇಳಬೇಕೆಂದು ಹೊರಟಾಗ ನನಗೇ ಬಹಳಷ್ಟು ತಿಳಿಯಿತು. ನಾವು ಸಾಮಾನ್ಯವಾಗಿ ಪ್ರತಿಭೆ, ದೇಹಶಕ್ತಿ, ಏಕಾಗ್ರತೆ ಎಂದೆಲ್ಲ ಕಾರಣ ಹುಡುಕುತ್ತೇವೆ. ಪೆರಿಯ ವಿಷಯದಲ್ಲಿ ಉತ್ತರದ ದೊಡ್ಡ ಪಾಲು ಇರುವುದು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ.

ಮೊದಲು ಒಂದು ವಿಷಯವನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಶಾಲೆಯಲ್ಲಿ ನಾಲ್ಕು ಆಟ ಆಡುವವರು ಪ್ರತಿ ಬಡಾವಣೆಯಲ್ಲೂ ಸಿಗುತ್ತಾರೆ. ಎರಡು ಆಟಗಳಲ್ಲಿ ದೇಶದ ಹಿರಿಯರ ತಂಡಕ್ಕೆ ಆಡುವುದು ಬೇರೆಯದೇ ಮಾತು. ಬೆಂಗಳೂರಿನವರಿಗೆ ಈ ವ್ಯತ್ಯಾಸ ಮುಖ್ಯ, ಏಕೆಂದರೆ ನಮ್ಮವರೇ ಎಂಬಷ್ಟು ಪ್ರೀತಿಯಿಂದ ಕಂಡ ಎ.ಬಿ. ಡಿವಿಲಿಯರ್ಸ್ ಬಗ್ಗೆ ವರ್ಷಗಟ್ಟಲೆ ಒಂದು ಪಟ್ಟಿ ಮೊಬೈಲ್‌ಗಳಲ್ಲಿ ಹರಿದಾಡಿತು. ಹಾಕಿ, ಫುಟ್‌ಬಾಲ್, ಈಜು, ಬ್ಯಾಡ್ಮಿಂಟನ್, ಎಲ್ಲದರಲ್ಲೂ ಅವರು ರಾಷ್ಟ್ರಮಟ್ಟದವರು ಎಂದು ಅದರಲ್ಲಿತ್ತು. ಆ ಪಟ್ಟಿಯ ಬಹುಪಾಲು ನಿಜವಲ್ಲ ಎಂದು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಪೆರಿಯ ಕತೆಗೆ ಅಂಥ ಬಣ್ಣ ಹಚ್ಚಬೇಕಾಗಿಲ್ಲ. ದಾಖಲೆಯಲ್ಲಿರುವುದೇ ಸಾಕು.

1990ರ ನವೆಂಬರ್ 3ರಂದು ಸಿಡ್ನಿಯಲ್ಲಿ ಹುಟ್ಟಿದ ಪೆರಿ 2007ರ ಜುಲೈ 22ರಂದು ಡಾರ್ವಿನ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಏಕದಿನ ಪಂದ್ಯ ಆಡಿದರು. ಆಗ ಅವರಿಗೆ ಹದಿನಾರು ವರ್ಷ. ರಾಜ್ಯದ ಹಿರಿಯರ ತಂಡಕ್ಕೆ ಒಂದು ಪಂದ್ಯವನ್ನೂ ಆಡಿರಲಿಲ್ಲ. ಪುರುಷರನ್ನೂ ಸೇರಿಸಿ ಹೇಳಿದರೆ, ಆಸ್ಟ್ರೇಲಿಯಾದ ಪರ ಅಂತರರಾಷ್ಟ್ರೀಯ ಕ್ರಿಕೆಟ್ ಆಡಿದ ಅತ್ಯಂತ ಕಿರಿಯ ಆಟಗಾರ್ತಿ ಅವರು. ಅಲ್ಲಿಂದ ಹದಿಮೂರನೆಯ ದಿನ, ಆಗಸ್ಟ್ 4ರಂದು, ಹಾಂಗ್‌ಕಾಂಗ್ ವಿರುದ್ಧದ ಒಲಿಂಪಿಕ್ ಅರ್ಹತಾ ಪಂದ್ಯದಲ್ಲಿ ಆಸ್ಟ್ರೇಲಿಯಾದ ಫುಟ್‌ಬಾಲ್ ತಂಡಕ್ಕೆ ಇಳಿದರು. ಎರಡನೆಯ ನಿಮಿಷದಲ್ಲೇ ಗೋಲು ಹೊಡೆದರು. ಹದಿಮೂರು ದಿನಗಳಲ್ಲಿ ಎರಡು ಆಟಗಳ ರಾಷ್ಟ್ರೀಯ ತಂಡ! ನಮ್ಮಲ್ಲಿ ಎರಡನೇ ಪಿಯುಸಿಗೆ ಯಾವ ಟ್ಯೂಷನ್ ಎಂದು ತೀರ್ಮಾನಿಸುವುದಕ್ಕೇ ಅದಕ್ಕಿಂತ ಹೆಚ್ಚು ದಿನ ಹಿಡಿಯುತ್ತದೆ.

ಒಂದು ದೇಹ ಇದನ್ನು ಹೇಗೆ ಮಾಡುತ್ತದೆ?

ಎರಡೂ ಆಟಗಳಿಗೆ ಸಾಮಾನ್ಯವಾದದ್ದು ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಿದೆ. ಥಟ್ಟನೆ ಓಡಲು ತೊಡಗುವುದು, ಓಡುತ್ತಿರುವಾಗಲೇ ನಿಲ್ಲುವುದು, ನಿಂತ ಕ್ಷಣವೇ ದಿಕ್ಕು ಬದಲಿಸುವುದು, ಬರುತ್ತಿರುವ ಚೆಂಡಿನ ವೇಗವನ್ನು ಕಣ್ಣಳತೆಯಲ್ಲಿ ಹಿಡಿಯುವುದು, ಎದುರಾಳಿಯ ಭುಜ ತಿರುಗಿದ ರೀತಿಯಿಂದಲೇ ಚೆಂಡು ಎತ್ತ ಹೋಗುತ್ತದೆಂದು ಮುಂಚಿತವಾಗಿ ಊಹಿಸುವುದು, ಇವೆಲ್ಲ ಫುಟ್‌ಬಾಲ್‌ನಲ್ಲಿ ಎದುರಾಳಿಗಳು ಗೋಲು ಹೊಡೆಯದಂತೆ ತಡೆಯುವ ಡಿಫೆಂಡರ್‌ಗೂ ಬೇಕು, ಕ್ರಿಕೆಟ್‌ನ ಫೀಲ್ಡರ್‌ಗೂ ಬೇಕು. ಪೆರಿ ಫುಟ್‌ಬಾಲ್‌ನಲ್ಲಿ ಡಿಫೆಂಡರ್ ಆಗಿದ್ದರು ಎಂಬುದನ್ನು ಇಲ್ಲಿ ನೆನಪಿಡಬೇಕು. ಡಿಫೆಂಡರ್‌ನ ಕೆಲಸದ ಅರ್ಧಭಾಗ ಓದುವುದೇ, ಅಂದರೆ ಎದುರಿನವರ ಚಲನೆಯನ್ನು ಓದುವುದು.

ತಗಾದೆ ಇರುವುದು ವೇಗದ ಬೌಲಿಂಗ್‌ನಲ್ಲಿ. ಫುಟ್‌ಬಾಲ್ ಆಟಗಾರ್ತಿ ಒಂದು ಪಂದ್ಯದಲ್ಲಿ ಸುಮಾರು ಹತ್ತು ಕಿಲೋಮೀಟರ್ ಓಡುತ್ತಾಳೆ. ಓಟ, ನಡಿಗೆ, ಮತ್ತೆ ಓಟ. ಅವಳ ದೇಹ ದಣಿವನ್ನು ತಾಳಿಕೊಳ್ಳಲು ಪಳಗಿರಬೇಕು. ವೇಗದ ಬೌಲರ್‌ಗೆ ಬೇಕಾದದ್ದು ಬೇರೆ. ಚೆಂಡು ಬಿಡುವ ಕ್ಷಣದಲ್ಲಿ ಮುಂದಿನ ಕಾಲು ನೆಲಕ್ಕೆ ಅಪ್ಪಳಿಸಿದಾಗ ದೇಹದ ತೂಕದ ಐದಾರು ಪಟ್ಟು ಅಥವಾ ಅದಕ್ಕೂ ಹೆಚ್ಚಿನ ಬಲ ಆ ಒಂದು ಕಾಲಿನ ಮೂಲಕ ಮೇಲೇರುತ್ತದೆ. ಅದೇ ಕ್ಷಣದಲ್ಲಿ ಬೆನ್ನು ಪಕ್ಕಕ್ಕೆ ಬಾಗುತ್ತದೆ, ತಿರುಚುತ್ತದೆ, ಹಿಂದಿನಿಂದ ಮುಂದಕ್ಕೆ ಬಳುಕುತ್ತದೆ. ಕೆಳಬೆನ್ನಿನ ಮೂಳೆಗಳು ಈ ಹೊಡೆತಕ್ಕೆ ಹೊಂದಿಕೊಂಡು ಗಟ್ಟಿಯಾಗುತ್ತವೆ, ಆದರೆ ಗಟ್ಟಿಯಾಗಲು ವಾರಗಟ್ಟಲೆ ಸಮಯ ಬೇಕು. ಸಮಯ ಕೊಡದೆ ಎಸೆತಗಳ ಸಂಖ್ಯೆಯನ್ನು ಏರಿಸಿದರೆ ಮೂಳೆಯಲ್ಲಿ ಕೂದಲೆಳೆಯಂಥ ಬಿರುಕು ಬೀಳುತ್ತದೆ. ಸ್ಟ್ರೆಸ್ ಫ್ರ್ಯಾಕ್ಚರ್ ಎಂದು ಕರೆಯುವುದು ಇದನ್ನೇ. ಬೆಳೆಯುವ ವಯಸ್ಸಿನ ವೇಗದ ಬೌಲರ್‌ಗಳನ್ನು ಅತಿಯಾಗಿ ಕಾಡುವ ಗಾಯ ಇದು.

ಎರಡು ಆಟ ಆಡುವುದರಿಂದಲೇ ಗಾಯವಾಗುತ್ತದೆ ಎಂದು ಇದರ ಅರ್ಥವಲ್ಲ. ಇಬ್ಬರು ತರಬೇತುದಾರರು ಒಬ್ಬರಿಗೊಬ್ಬರು ಮಾತನಾಡದಿದ್ದಾಗ ಗಾಯವಾಗುತ್ತದೆ. ಫುಟ್‌ಬಾಲ್‌ನವರು ತಮ್ಮ ಲೆಕ್ಕದಲ್ಲಿ ವಾರದ ಓಟವನ್ನು ನಿಗದಿ ಮಾಡುತ್ತಾರೆ, ಕ್ರಿಕೆಟ್‌ನವರು ತಮ್ಮ ಲೆಕ್ಕದಲ್ಲಿ ಓವರ್‌ಗಳನ್ನು. ಎರಡನ್ನೂ ಕೂಡಿಸಿ ನೋಡುವವರು ಯಾರೂ ಇರುವುದಿಲ್ಲ, ಆ ದೇಹವೊಂದನ್ನು ಬಿಟ್ಟು.

ಒಂದು ಆಟ ಇನ್ನೊಂದಕ್ಕೆ ನೆರವಿನ ಕೈ ಚಾಚಿದ, ಅಲ್ಲ, ಕಾಲು ಚಾಚಿದ ಘಟನೆಯನ್ನು ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳಬೇಕು. ನನಗೆ ಇದನ್ನು ಹೇಳುವುದೆಂದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. 2010ರ ಮೇ 16, ಬಾರ್ಬಡೋಸ್‌ನ ಬ್ರಿಜ್‌ಟೌನ್, ಮಹಿಳಾ ಟಿ20 ವಿಶ್ವಕಪ್ ಫೈನಲ್. ಆಸ್ಟ್ರೇಲಿಯಾ ಗಳಿಸಿದ್ದು ಬರೀ 106 ರನ್. ಕೊನೆಯ ಓವರ್ ಪೆರಿಯ ಕೈಯಲ್ಲಿ. ಕೊನೆಯ ಎಸೆತಕ್ಕೆ ನ್ಯೂಜಿಲೆಂಡ್‌ಗೆ ಬೇಕಾದದ್ದು ಐದು ರನ್, ನಾಲ್ಕು ಬಂದರೆ ಸಮ. ಎದುರಿಗೆ 38 ರನ್ ಗಳಿಸಿ ಅಜೇಯರಾಗಿ ನಿಂತಿದ್ದ ಸೋಫಿ ಡಿವೈನ್. ಅವರು ಚೆಂಡನ್ನು ನೇರವಾಗಿ ಬೌಲರ್ ಕಡೆಗೇ ಬಲವಾಗಿ ಹೊಡೆದರು. ನೆಲ ಸವರಿಕೊಂಡು ಹೋಗುತ್ತಿದ್ದ ಚೆಂಡು ಗಡಿಗೆರೆ ಮುಟ್ಟುವುದರಲ್ಲಿ ಅನುಮಾನವೇ ಇರಲಿಲ್ಲ.

ಎಸೆದು ಮುಗಿಸಿದ ಬೌಲರ್‌ನ ದೇಹ ಆ ಕ್ಷಣದಲ್ಲಿ ಪೂರ್ತಿ ಮುಂದಕ್ಕೆ ವಾಲಿರುತ್ತದೆ. ಬಗ್ಗಿ ಕೈಯೊಡ್ಡಲು ಸಮಯ ಇರುವುದಿಲ್ಲ. ಪೆರಿ ಬಲಗಾಲನ್ನು ಚಾಚಿದರು. ಚೆಂಡು ಪಾದಕ್ಕೆ ತಗುಲಿ ದಿಕ್ಕು ತಪ್ಪಿ ಮಿಡ್ ಆನ್‌ನಲ್ಲಿ ಫೀಲ್ಡಿಂಗ್‌ಗೆ ನಿಂತಿದ್ದ ಸಹ ಆಟಗಾರ್ತಿ ಲಿಸಾ ಸ್ಥಾಲೇಕರ್ ಬಳಿ ಹೋಯಿತು. ಒಂದೇ ರನ್. ಆಸ್ಟ್ರೇಲಿಯಾ ಮೂರು ರನ್‌ಗಳಿಂದ ಗೆದ್ದಿತು, 18 ರನ್‌ಗೆ ಮೂರು ವಿಕೆಟ್ ಪಡೆದಿದ್ದ ಪೆರಿ ಪಂದ್ಯಶ್ರೇಷ್ಠರಾದರು. ಹತ್ತರಲ್ಲಿ ಒಂಬತ್ತು ಬೌಲರ್‌ಗಳು ಅಂಥ ಹೊಡೆತಕ್ಕೆ ಕಾಲನ್ನು ಹಿಂದೆಳೆದುಕೊಳ್ಳುತ್ತಾರೆ. ಅದು ದೇಹದ ಸಹಜ ಭಯ. ಸಾವಿರಾರು ಸಲ ಚೆಂಡಿಗೆ ಅಡ್ಡ ಕಾಲು ಹಾಕಿ ಪಳಗಿದ ಡಿಫೆಂಡರ್‌ಗೆ ಮಾತ್ರ ಆ ಭಯ ಅಳಿಸಿಹೋಗಿರುತ್ತದೆ. ಕ್ರಿಕೆಟ್ ವಿಶ್ವಕಪ್ ಒಂದನ್ನು ಗೆಲ್ಲಿಸಿಕೊಟ್ಟದ್ದು ಫುಟ್‌ಬಾಲ್ ಕಲಿಸಿದ ಕಾಲು ಎಂದು ನಾನು ನಂಬಿದ್ದೇನೆ.

ಇದರಲ್ಲಿ ಬೆಂಗಳೂರಿನವರಿಗೆ ಇನ್ನೊಂದು ಸಂತೋಷವಿದೆ. ಆ ಚೆಂಡನ್ನು ಹೊಡೆದ ಸೋಫಿ ಡಿವೈನ್ ಕೂಡ ಎರಡು ಆಟದವರೇ. ಅವರು ನ್ಯೂಜಿಲೆಂಡ್ ಪರ ಹಾಕಿಯನ್ನೂ ಆಡಿದ್ದಾರೆ. ಹದಿಮೂರು ವರ್ಷದ ನಂತರ, 2023ರ ಫೆಬ್ರವರಿ ಹರಾಜಿನಲ್ಲಿ, ಹೊಡೆದವರನ್ನೂ ತಡೆದವರನ್ನೂ ಆರ್‌ಸಿಬಿಯೇ ಕೊಂಡಿತು. ಪೆರಿಗೆ 1.7 ಕೋಟಿ, ಡಿವೈನ್‌ಗೆ 50 ಲಕ್ಷ ರೂಪಾಯಿ. 2024ರಲ್ಲಿ ಕಪ್ ಗೆದ್ದ ತಂಡದಲ್ಲಿ ಇಬ್ಬರೂ ಇದ್ದರು, ಆ ಋತುವಿನಲ್ಲಿ 347 ರನ್ ಗಳಿಸಿ ಪೆರಿಯೇ ಎಲ್ಲರಿಗಿಂತ ಮುಂದಿದ್ದರು.

ಬ್ರಿಜ್‌ಟೌನ್‌ನಿಂದ ಒಂದು ವರ್ಷ ಮುಂದೆ ಬರೋಣ. 2011ರ ಜುಲೈ 10, ಜರ್ಮನಿಯ ಆಗ್ಸ್‌ಬರ್ಗ್, ಮಹಿಳಾ ಫುಟ್‌ಬಾಲ್ ವಿಶ್ವಕಪ್ ಕ್ವಾರ್ಟರ್‌ಫೈನಲ್. ಹದಿನಾರು ನಿಮಿಷಗಳಲ್ಲಿ ಸ್ವೀಡನ್ ಎರಡು ಗೋಲು ಮುಂದಿತ್ತು. ನಲವತ್ತನೆಯ ನಿಮಿಷದಲ್ಲಿ ಪೆನಾಲ್ಟಿ ಆವರಣದ ಅಂಚಿನಿಂದ ಪೆರಿ ಎಡಗಾಲಿನಿಂದ ಹೊಡೆದ ಚೆಂಡು ಬಾಗಿಕೊಂಡು ಗೋಲಿನ ಮೇಲಿನ ಮೂಲೆಗೆ ಸೇರಿತು. ಬಲಗೈಯಲ್ಲಿ ಬೌಲ್ ಮಾಡಿ, ಬಲಗೈಯಲ್ಲೇ ಬ್ಯಾಟ್ ಮಾಡುವವರು ಎಡಗಾಲಿನಲ್ಲಿ ಅಂಥ ಗೋಲು ಹೊಡೆದರು. ಪಂದ್ಯವನ್ನು ಆಸ್ಟ್ರೇಲಿಯಾ 1–3ರಿಂದ ಸೋತಿತು. 2009ರಲ್ಲಿ ಕ್ರಿಕೆಟ್ ವಿಶ್ವಕಪ್ ಆಡಿದ್ದ ಪೆರಿ ಎರಡೂ ಆಟಗಳ ವಿಶ್ವಕಪ್ ಆಡಿದ ಮೊದಲ ಆಸ್ಟ್ರೇಲಿಯನ್ ಆದರು. ಆಗ ಅವರಿಗೆ ಇಪ್ಪತ್ತು ವರ್ಷ. ದೇಹ ಸೋತಿರಲಿಲ್ಲ, ಆಟ ಕುಗ್ಗಿರಲಿಲ್ಲ. ಹಾಗಿದ್ದೂ ಎರಡೇ ವರ್ಷದಲ್ಲಿ ರಾಷ್ಟ್ರೀಯ ಫುಟ್‌ಬಾಲ್ ತಂಡದಲ್ಲಿ ಅವರ ಕಾಲ ಮುಗಿದಿತ್ತು.

ಈಗ ಕ್ಯಾಲೆಂಡರ್ ತೆಗೆಯಬೇಕು.

ಹಿಂದಿನ ಕಾಲದಲ್ಲಿ ಎರಡು ಆಟ ಆಡಿದವರ ಗುಟ್ಟು ಸರಳವಾಗಿತ್ತು. ಇಂಗ್ಲೆಂಡಿನಲ್ಲಿ ಬೇಸಿಗೆಗೆ ಕ್ರಿಕೆಟ್, ಚಳಿಗಾಲಕ್ಕೆ ಫುಟ್‌ಬಾಲ್. ರೈತ ಮುಂಗಾರಿಗೊಂದು ಹಿಂಗಾರಿಗೊಂದು ಬೆಳೆ ತೆಗೆದಂತೆ, ಒಂದೇ ಹೊಲದಲ್ಲಿ ಎರಡು ಫಸಲು. ಆಸ್ಟ್ರೇಲಿಯಾದಲ್ಲಿ ಹಾಗಾಗಲಿಲ್ಲ. ಅಲ್ಲಿ ಚಳಿಗಾಲವನ್ನು ರಗ್ಬಿ ಮತ್ತು ಆಸ್ಟ್ರೇಲಿಯನ್ ರೂಲ್ಸ್ ಆಟಗಳು ಆಕ್ರಮಿಸಿಕೊಂಡಿವೆ. ಆದ್ದರಿಂದ ಅಲ್ಲಿನ ವೃತ್ತಿಪರ ಫುಟ್‌ಬಾಲ್ ಬೇಸಿಗೆಗೆ ಸರಿಯಿತು. 2008ರ ಅಕ್ಟೋಬರ್‌ನಲ್ಲಿ ಶುರುವಾದ ಮಹಿಳಾ ಫುಟ್‌ಬಾಲ್ ಲೀಗ್ ಕೂಡ ಅದೇ ಹಾದಿ ಹಿಡಿಯಿತು. ದಕ್ಷಿಣಾರ್ಧಗೋಳದ ಬೇಸಿಗೆಯೆಂದರೆ ನಮ್ಮ ದೀಪಾವಳಿಯಿಂದ ಹೆಚ್ಚುಕಡಿಮೆ ಶಿವರಾತ್ರಿಯವರೆಗೆ. ಅಲ್ಲಿನ ಕ್ರಿಕೆಟ್ ಋತುವೂ ಅದೇ. ಹೀಗೆ ಪೆರಿಯ ಎರಡು ಬೆಳೆಗಳೂ ಒಂದೇ ಹಂಗಾಮಿನಲ್ಲಿ ಕೊಯ್ಲಿಗೆ ಬಂದವು. ಶನಿವಾರ ಒಂದು ನಗರದಲ್ಲಿ ಕ್ರಿಕೆಟ್, ಭಾನುವಾರ ಇನ್ನೊಂದು ನಗರದಲ್ಲಿ ಫುಟ್‌ಬಾಲ್. ಒಂದು ತಂಡಕ್ಕೆ ಹೋದರೆ ಇನ್ನೊಂದು ತಂಡದಲ್ಲಿ ಗೈರುಹಾಜರಿ.

2012ರಲ್ಲಿ ಅದು ಬಿರುಕಾಗಿ ಹೊರಬಿತ್ತು. ಪೆರಿ ಆಡುತ್ತಿದ್ದ ಕ್ಯಾನ್‌ಬೆರಾ ಯುನೈಟೆಡ್ ಕ್ಲಬ್ ಫುಟ್‌ಬಾಲ್‌ಗೇ ಮೊದಲ ಸ್ಥಾನ ಕೊಡಬೇಕೆಂದು ಪಟ್ಟುಹಿಡಿಯಿತು. ಪೆರಿ ಆ ಕ್ಲಬ್ಬನ್ನು ಬಿಟ್ಟು, ಎರಡಕ್ಕೂ ಅವಕಾಶ ಕೊಡಲು ಒಪ್ಪಿದ ಸಿಡ್ನಿ ಎಫ್‌ಸಿ ಸೇರಿದರು. ಕ್ಲಬ್ ತಪ್ಪು ಮಾಡಿತು ಎನ್ನುವುದು ಸುಲಭ. ಆದರೆ ಹನ್ನೊಂದು ಜನರ ತಂಡವನ್ನು ಕಟ್ಟುವ ತರಬೇತುದಾರರಿಗೆ ಡಿಫೆನ್ಸ್ ಸಾಲಿನಲ್ಲಿ ಇವತ್ತು ಇದ್ದು ನಾಳೆ ಇಲ್ಲದ ಆಟಗಾರ್ತಿ ನಿಜವಾದ ಕಷ್ಟವೇ. ಆ ಸಾಲಿನ ನಾಲ್ವರು ಒಬ್ಬರ ಹೆಜ್ಜೆಯನ್ನು ಇನ್ನೊಬ್ಬರು ತಿಳಿದಿರಬೇಕು. ಇಬ್ಬರ ವಾದದಲ್ಲೂ ನ್ಯಾಯವಿತ್ತು, ಅದಕ್ಕೇ ಅದು ಬಗೆಹರಿಯಲಿಲ್ಲ.

ನಂತರ ಬಂದದ್ದು ಹಣ. ಇದೇ ನನ್ನನ್ನು ಅತಿಯಾಗಿ ಯೋಚನೆಗೆ ಹಚ್ಚಿದ ಭಾಗ. ಪೆರಿ ಹದಿನಾರರಲ್ಲಿ ಎರಡು ತಂಡ ಸೇರಿದಾಗ ಮಹಿಳಾ ಕ್ರಿಕೆಟ್‌ನಲ್ಲೂ ಮಹಿಳಾ ಫುಟ್‌ಬಾಲ್‌ನಲ್ಲೂ ಹೊಟ್ಟೆ ತುಂಬುವಷ್ಟು ಸಂಬಳವಿರಲಿಲ್ಲ. ಆಟಗಾರ್ತಿಯರು ಓದುತ್ತ, ಕೆಲಸ ಮಾಡುತ್ತ ಆಡುತ್ತಿದ್ದರು. ಕೊಡುವುದು ಕಡಿಮೆ ಇದ್ದಾಗ ಕೇಳುವುದೂ ಕಡಿಮೆ. 2015ರ ಡಿಸೆಂಬರ್‌ನಲ್ಲಿ ಮಹಿಳಾ ಬಿಗ್ ಬ್ಯಾಷ್ ಎಂಬ ಟಿ20 ಕ್ರಿಕೆಟ್ ಲೀಗ್ ಶುರುವಾಯಿತು, ಅದೂ ಬೇಸಿಗೆಯಲ್ಲೇ. 2016ರಲ್ಲಿ ಪೆರಿಯ ರಾಜ್ಯವಾದ ನ್ಯೂ ಸೌತ್ ವೇಲ್ಸ್‌ನ ಮಹಿಳಾ ಕ್ರಿಕೆಟ್ ತಂಡ ಪೂರ್ಣ ವೃತ್ತಿಪರವಾಯಿತು. 2017ರ ಒಪ್ಪಂದದಲ್ಲಿ ಆಸ್ಟ್ರೇಲಿಯಾದ ಮಹಿಳಾ ಕ್ರಿಕೆಟಿಗರ ಒಟ್ಟು ಸಂಭಾವನೆ 75 ಲಕ್ಷ ಡಾಲರ್‌ನಿಂದ 5.52 ಕೋಟಿ ಡಾಲರ್‌ಗೆ ಏರಿತು. ಈ ಜಯಕ್ಕಾಗಿ ಹೆಣ್ಣುಮಕ್ಕಳು ಎಷ್ಟು ವರ್ಷ ಹೋರಾಡಿದ್ದರು! ಅದರ ಬಗ್ಗೆ ನನಗೆ ಹೆಮ್ಮೆಯೇ ಇದೆ. ಆದರೆ ಪೂರ್ತಿ ಸಂಬಳ ಕೊಡುವವರು ಪೂರ್ತಿ ವರ್ಷವನ್ನೂ ಕೇಳುತ್ತಾರೆ. ಸಿಡ್ನಿ ಎಫ್‌ಸಿಗೆ ಪೆರಿ ಆಡಿದ್ದು 2016ರವರೆಗೆ. ಬಡತನ ತೆರೆದಿಟ್ಟಿದ್ದ ಎರಡು ಬಾಗಿಲುಗಳಲ್ಲಿ ಒಂದನ್ನು ಸಮೃದ್ಧಿ ಮುಚ್ಚಿತು.

ಮುಚ್ಚಿದ ಬಾಗಿಲಿನ ಈಚೆ ಏನಾಯಿತೆಂಬುದನ್ನೂ ಹೇಳಬೇಕು. 2017ರ ನವೆಂಬರ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಸಿಡ್ನಿಯ ಟೆಸ್ಟ್‌ನಲ್ಲಿ ಪೆರಿ ಅಜೇಯ 213 ರನ್ ಗಳಿಸಿದರು. 2019ರಲ್ಲಿ ಅದೇ ತಂಡದ ವಿರುದ್ಧ ಏಕದಿನ ಪಂದ್ಯವೊಂದರಲ್ಲಿ 22 ರನ್‌ಗೆ ಏಳು ವಿಕೆಟ್ ಪಡೆದರು. ಅದೇ ವರ್ಷ ಅಂತರರಾಷ್ಟ್ರೀಯ ಟಿ20ಯಲ್ಲಿ ಸಾವಿರ ರನ್ ಮತ್ತು ನೂರು ವಿಕೆಟ್ ಎರಡನ್ನೂ ಮುಟ್ಟಿದ ಮೊದಲಿಗರಾದರು, ಪುರುಷರಲ್ಲೂ ಆಗ ಯಾರೂ ಅದನ್ನು ಮಾಡಿರಲಿಲ್ಲ. ಒಂದೇ ಆಟಕ್ಕೆ ಬಂದ ಮೇಲೂ ದೇಹ ಬಾಡಿಗೆ ಕೇಳದೆ ಬಿಡಲಿಲ್ಲ. 2020ರ ಟಿ20 ವಿಶ್ವಕಪ್‌ನಲ್ಲಿ ತೊಡೆಯ ಹಿಂಭಾಗದ ಸ್ನಾಯು ಹರಿದು, ಮೆಲ್ಬರ್ನ್‌ನಲ್ಲಿ 86,174 ಜನ ನೆರೆದ ಫೈನಲ್ಲನ್ನು ಅವರು ಹೊರಗಿನಿಂದ ನೋಡಿದರು. 2022ರಲ್ಲಿ ಬೆನ್ನಿನ ಮೂಳೆಯಲ್ಲಿ ಬಿರುಕು ಕಾಣಿಸಿಕೊಂಡಿತು. ಎರಡು ಆಟ ಆಡಿದ್ದರಿಂದಲೇ ಗಾಯ ಎನ್ನುವವರು ಈ ವರ್ಷಗಳನ್ನು ಗಮನಿಸಬೇಕು. ಎರಡೂ ಗಾಯ ಆದದ್ದು ಅವರು ಒಂದೇ ಆಟ ಆಡುತ್ತಿದ್ದಾಗ.

ನಮ್ಮ ಕಡೆಯ ಕತೆಯೊಂದನ್ನು ಇದರ ಪಕ್ಕದಲ್ಲಿ ಇಡಲೇಬೇಕು. ಮದರಾಸಿನ ಎಂ.ಜೆ. ಗೋಪಾಲನ್. 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ರಣಜಿ ಟ್ರೋಫಿಯ ಇತಿಹಾಸದ ಮೊತ್ತಮೊದಲ ಚೆಂಡನ್ನು ಎಸೆದವರು ಅವರು. ಎದುರಿಗಿದ್ದದ್ದು ನಮ್ಮ ಮೈಸೂರು ತಂಡ. ಆ ಪಂದ್ಯ ಒಂದೇ ದಿನದಲ್ಲಿ ಮುಗಿದು ಮೈಸೂರು ಸೋತಿತು. ಗೋಪಾಲನ್ ಹಾಕಿಯಲ್ಲೂ ಅಷ್ಟೇ ಗಟ್ಟಿಗರು, 1935ರಲ್ಲಿ ಧ್ಯಾನ್‌ಚಂದ್ ಇದ್ದ ಭಾರತ ತಂಡದೊಂದಿಗೆ ನ್ಯೂಜಿಲೆಂಡ್ ಪ್ರವಾಸ ಮಾಡಿದ್ದರು. 1936ರಲ್ಲಿ ಎರಡು ಕರೆಗಳು ಒಟ್ಟಿಗೆ ಬಂದವು. ಒಂದು ಬರ್ಲಿನ್ ಒಲಿಂಪಿಕ್ಸ್‌ಗೆ ಹೊರಟ ಹಾಕಿಯದು, ಇನ್ನೊಂದು ಇಂಗ್ಲೆಂಡ್ ಪ್ರವಾಸಕ್ಕೆ ಹೊರಟ ಕ್ರಿಕೆಟ್‌ನದು. ಅವರು ಕ್ರಿಕೆಟ್ ಆರಿಸಿಕೊಂಡರು.

ಆ ಪ್ರವಾಸದ ಮೂರು ಟೆಸ್ಟ್‌ಗಳಲ್ಲಿ ಒಂದರಲ್ಲೂ ಗೋಪಾಲನ್‌ಗೆ ಸ್ಥಾನ ಸಿಗಲಿಲ್ಲ. ಆಗಸ್ಟ್ 15ರಂದು ಬರ್ಲಿನ್‌ನಲ್ಲಿ ಹಾಕಿ ತಂಡ ಜರ್ಮನಿಯನ್ನು 8–1ರಿಂದ ಸೋಲಿಸಿ ಚಿನ್ನ ಗೆದ್ದಿತು. 1934ರಲ್ಲಿ ಕಲ್ಕತ್ತೆಯಲ್ಲಿ ಆಡಿದ ಒಂದು ಟೆಸ್ಟ್ ಪಂದ್ಯವೇ ಅವರ ಪಾಲಿಗೆ ಮೊದಲನೆಯದೂ ಕೊನೆಯದೂ ಆಯಿತು. ಪೆರಿಯನ್ನು ತಡೆದ ಅದೇ ಗೋಡೆ, ಬೇರೆ ಊರು, ಬೇರೆ ಕಾಲ. ಎರಡೂ ಆಟಗಳಿಗೆ ಅವರು ತಕ್ಕವರೇ ಆಗಿದ್ದರು, ಒಂದೇ ಬೇಸಿಗೆಯಲ್ಲಿ ಎರಡು ಕಡೆ ಇರುವುದಷ್ಟೇ ಆಗಲಿಲ್ಲ.

ಇದನ್ನೆಲ್ಲ ತಿಳಿದ ಮೇಲೆ ನನ್ನ ಅಕ್ಕನ ಮಗಳಿಗೆ ಬಂದ ಗಡುವು ನನಗೆ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಪೆರಿಗೆ ಆಯ್ಕೆ ಅನಿವಾರ್ಯವಾದದ್ದು ಇಪ್ಪತ್ತು ದಾಟಿದ ಮೇಲೆ, ಎರಡು ವಿಶ್ವಕಪ್ ಆಡಿದ ಮೇಲೆ. ಹನ್ನೊಂದು ವರ್ಷದ ಮಗುವಿಗೆ ಅಂಥ ಯಾವ ಕ್ಯಾಲೆಂಡರ್ ಇದೆ? ಮಕ್ಕಳ ಕ್ರೀಡಾ ಬೆಳವಣಿಗೆಯನ್ನು ಅಧ್ಯಯನ ಮಾಡಿದ ಕೆನಡಾದ ವಿದ್ವಾಂಸ ಜ್ಯಾನ್ ಕೋಟೇ ಸುಮಾರು ಆರರಿಂದ ಹನ್ನೆರಡರವರೆಗಿನ ವಯಸ್ಸನ್ನು ಹಲವು ಆಟಗಳ ರುಚಿ ನೋಡುವ ಕಾಲ ಎಂದು ಗುರುತಿಸಿದ್ದಾರೆ. ಹದಿಮೂರರ ನಂತರ ಆಟಗಳ ಸಂಖ್ಯೆ ತಾನಾಗಿ ಇಳಿಯುತ್ತದೆ, ಹದಿನಾರರ ಹೊತ್ತಿಗೆ ಒಂದು ಉಳಿಯುತ್ತದೆ. ಅಮೆರಿಕದ ಮಕ್ಕಳ ವೈದ್ಯರ ಸಂಘಟನೆ 2016ರ ವರದಿಯಲ್ಲಿ ಇದೇ ಮಾತನ್ನು ವೈದ್ಯರ ದೃಷ್ಟಿಯಿಂದ ಹೇಳಿತು: ಒಂದೇ ಆಟಕ್ಕೆ ಕಟ್ಟಿಕೊಳ್ಳುವುದನ್ನು ಹದಿನೈದು ಹದಿನಾರರವರೆಗೆ ಮುಂದೂಡಿ. ಎಳೆಯ ವಯಸ್ಸಿನಲ್ಲಿ ಒಂದೇ ಬಗೆಯ ಚಲನೆಯನ್ನು ವರ್ಷವಿಡೀ ಮಾಡಿಸಿದರೆ ಅವೇ ಮೂಳೆ, ಅವೇ ಸ್ನಾಯುಗಳ ಮೇಲೆ ಹೊರೆ ಬೀಳುತ್ತದೆ, ಮನಸ್ಸಿಗೂ ಬೇಸರ ಹತ್ತುತ್ತದೆ.

ಹಾಗಾದರೆ ತರಬೇತುದಾರರ ಆತಂಕಕ್ಕೆ ಆಧಾರವೇ ಇಲ್ಲವೇ? ಇದೆ, ಆದರೆ ಅದಕ್ಕೆ ಮದ್ದು ಬೇರೆ. ಅವಳು ವೇಗವಾಗಿ ಬೌಲ್ ಮಾಡುವವಳು. ಇಂಗ್ಲೆಂಡಿನ ಕ್ರಿಕೆಟ್ ಮಂಡಳಿ ಹದಿಮೂರರೊಳಗಿನ ವೇಗದ ಬೌಲರ್‌ಗಳಿಗೆ ಒಂದು ಸರದಿಗೆ ಐದು ಓವರ್, ಒಂದು ದಿನಕ್ಕೆ ಹತ್ತು ಓವರ್ ಎಂದು ಮಿತಿ ಹಾಕಿತ್ತು. ನಮ್ಮ ಬಡಾವಣೆಯ ಮೈದಾನಗಳಲ್ಲಿ ನೆಟ್ಸ್‌ನಲ್ಲಿ ಎಸೆದ ಚೆಂಡುಗಳನ್ನು ಎಣಿಸುವವರೇ ಇಲ್ಲ. ನಾವು ಎಣಿಸಲು ಶುರುಮಾಡಿದೆವು. ಅಕ್ಕ ಒಂದು ಹಳೆಯ ದಿನಚರಿ ಪುಸ್ತಕದಲ್ಲಿ ಎರಡು ಅಂಕಣ ಎಳೆದಿದ್ದಾಳೆ. ಒಂದರಲ್ಲಿ ಆ ದಿನ ಎಸೆದ ಚೆಂಡುಗಳು, ಇನ್ನೊಂದರಲ್ಲಿ ಫುಟ್‌ಬಾಲ್ ಆಡಿದ ನಿಮಿಷಗಳು. ಮೂರು ವಾರ ಕಳೆದ ಮೇಲೆ ಪುಟಗಳನ್ನು ಒಟ್ಟಿಗೆ ನೋಡಿದಾಗ ಗೊತ್ತಾಯಿತು, ಬುಧವಾರ ಅವಳು ಮೊಣಕಾಲು ನೋವೆಂದು ಕುಳಿತುಕೊಳ್ಳುತ್ತಿದ್ದದ್ದು ಸುಮ್ಮನೆ ಅಲ್ಲ. ಮಂಗಳವಾರ ಸಂಜೆ ನೆಟ್ಸ್, ಬುಧವಾರ ಬೆಳಗ್ಗೆ ಫುಟ್‌ಬಾಲ್, ನಡುವೆ ಹನ್ನೆರಡು ಗಂಟೆಯ ಬಿಡುವೂ ಇರಲಿಲ್ಲ.

ಆ ಪುಸ್ತಕವನ್ನು ಹಿಡಿದು ಅಕ್ಕ ಇಬ್ಬರು ತರಬೇತುದಾರರನ್ನೂ ಒಂದೇ ದಿನ ಭೇಟಿ ಮಾಡಿದಳು. ಫುಟ್‌ಬಾಲ್‌ನವರು ಬುಧವಾರದ ಬದಲು ಗುರುವಾರಕ್ಕೆ ಒಪ್ಪಿದರು. ಕ್ರಿಕೆಟ್‌ನವರು ಹನ್ನೆರಡರ ಗಡುವನ್ನು ಹಿಂತೆಗೆದುಕೊಂಡಿಲ್ಲ, ಆದರೆ ಪುಟಗಳನ್ನು ನಿಧಾನವಾಗಿ ತಿರುವಿ ನೋಡಿದರಂತೆ, ವಾರದ ಎಸೆತಗಳ ಮೊತ್ತವನ್ನು ತಾವೇ ಕೂಡಿದರಂತೆ. ಬರುವ ಭಾನುವಾರ ಬೆಳಗ್ಗೆ ಅವಳ ಎರಡು ತಂಡಗಳಿಗೂ ಪಂದ್ಯವಿದೆ. ಎರಡು ಮೈದಾನಗಳ ನಡುವೆ ಆಟೋದಲ್ಲಿ ಇಪ್ಪತ್ತು ನಿಮಿಷದ ದಾರಿ. ಎಲ್ಲಿಗೆ ಹೋಗುತ್ತಾಳೆಂದು ಅವಳು ಇನ್ನೂ ಹೇಳಿಲ್ಲ, ನಾವೂ ಕೇಳಿಲ್ಲ.